ಮಧ್ಯಾಹ್ನ ಒಂಬತ್ತು, ಬೆಳಿಗ್ಗೆ ಸತ್ತ ಮೀನು

ಪ್ರಶ್ನೆ: ಮೂಡಿಗೆರೆ ಕಡೆ ಹೇಮಾವತಿಗೆ ಸೇರುವ ನಮ್ಮ ಹಳ್ಳದ ನೀರನ್ನು ಊರಿನ ಎಂಟು ಮಂದಿ ಸೇರಿ ಪರೀಕ್ಷಿಸುತ್ತಿದ್ದೇವೆ. ಕಾಫಿ ಪಲ್ಪಿಂಗ್ (ಹಣ್ಣಿನ ಸಿಪ್ಪೆ, ತಿರುಳು ಬಿಡಿಸುವ ಕೆಲಸ) ಶುರುವಾದಾಗಿನಿಂದ ಬೆಳಗಾಗುವಷ್ಟರಲ್ಲಿ ಮೀನು ಸತ್ತು ತೇಲುತ್ತಿವೆ. ಮಧ್ಯಾಹ್ನ ಎರಡು ಗಂಟೆಗೆ ಅಳೆದರೆ ಕರಗಿದ ಆಮ್ಲಜನಕ ಲೀಟರಿಗೆ 9 ಮಿಲಿಗ್ರಾಂ, ನೀರಿನ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್. ಕಿಟ್ ಕೆಟ್ಟಿದೆಯೇ?

ಉತ್ತರ: ಕಿಟ್‌ಗಿಂತ ಮೊದಲು ನೀವು ಅಳೆದ ಹೊತ್ತನ್ನು ಅನುಮಾನಿಸಿ. ಪಲ್ಪಿಂಗ್ ಮಾಡಿ ಹೊರಬಿಟ್ಟ ನೀರಿನಲ್ಲಿ ಹಣ್ಣಿನ ಸಕ್ಕರೆಯಿರುತ್ತದೆ. ಅದನ್ನು ತಿನ್ನುವ ಬ್ಯಾಕ್ಟೀರಿಯಾ ಹಗಲೂ ರಾತ್ರಿ ಆಮ್ಲಜನಕ ಹೀರುತ್ತವೆ. ಹಗಲು ಪಾಚಿ ಆ ಕೊರತೆ ತುಂಬುತ್ತದೆ. ರಾತ್ರಿ ಪಾಚಿಯೂ ಉಸಿರಾಡಲು ಅದನ್ನೇ ಬಳಸುತ್ತದೆ. ಹಾಗಾಗಿ ಆಮ್ಲಜನಕ ತೀರಾ ಇಳಿಯುವುದು ಸೂರ್ಯ ಹುಟ್ಟುವ ಮುಂಚೆ. ಒಂದೇ ಜಾಗದಲ್ಲಿ ಬೆಳಗಿನ ಜಾವಕ್ಕೊಮ್ಮೆ, ಮಧ್ಯಾಹ್ನಕ್ಕೊಮ್ಮೆ ಅಳೆಯಿರಿ. ಮೀನುಗಾರಿಕೆಯ ನೀರಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೇಳುವ ಕನಿಷ್ಠ ಮಟ್ಟ 4 ಮಿಲಿಗ್ರಾಂ.

ಇನ್ನೊಂದು ಮಾತು: ನಿಮ್ಮ ಊರಿನ ಎತ್ತರದಲ್ಲಿ 25 ಡಿಗ್ರಿಯ ನೀರು ಗಾಳಿಯಿಂದ ಹಿಡಿದಿಟ್ಟುಕೊಳ್ಳುವುದು ಏಳೂವರೆ ಮಿಲಿಗ್ರಾಂ ಆಸುಪಾಸು. 9 ಬಂದಿದೆಯೆಂದರೆ ಪಾಚಿ ಅತಿಯಾಗಿರಬೇಕು, ಇಲ್ಲವೇ ಬಾಟಲಿಯಲ್ಲಿ ಗುಳ್ಳೆ ಉಳಿದಿರಬೇಕು. ಎರಡನೆಯದನ್ನು ಇಲ್ಲವಾಗಿಸುವುದು ನಿಮ್ಮ ಕೈಯಲ್ಲೇ ಇದೆ. 300 ಮಿಲಿಲೀಟರ್ ಬಾಟಲಿಯನ್ನು ನೀರಲ್ಲಿ ಮುಳುಗಿಸಿ, ಓರೆ ಹಿಡಿದು ನಿಧಾನ ತುಂಬಿ, ಗಾಜನ್ನು ತಟ್ಟಿ, ನೀರೊಳಗೇ ಬಿರಡೆ ಹಾಕಿ. ಮೇಲೆತ್ತಿ ತಲೆಕೆಳಗು ಮಾಡಿದಾಗ ಸಾಸಿವೆಯಷ್ಟು ಗುಳ್ಳೆ ಕಂಡರೂ ಚೆಲ್ಲಿ ಮತ್ತೆ ತುಂಬಿ. ಕಿಟ್‌ನಲ್ಲಿರುವ ಮ್ಯಾಂಗನೀಸ್ ಸಲ್ಫೇಟ್, ಆಮೇಲೆ ಕ್ಷಾರೀಯ ಅಯೋಡೈಡ್ ದ್ರಾವಣವನ್ನು ಹಳ್ಳದ ದಡದಲ್ಲೇ ಹಾಕಿ. ಮನೆಗೆ ತಂದು ಹಾಕಿದರೆ ದಾರಿಯಲ್ಲೇ ಆಮ್ಲಜನಕ ಖರ್ಚಾಗಿರುತ್ತದೆ. ಕಂದು ಗಸಿ ಕೂತರೆ ಆಮ್ಲಜನಕ ಇದೆ. ಬೆಳಿಗ್ಗೆಯ ಬಾಟಲಿಯಲ್ಲಿ ಗಸಿ ಬೆಳ್ಳಗೇ ಉಳಿದರೆ ಮೀನು ಸತ್ತ ಕಾರಣ ಕಣ್ಣೆದುರಿಗಿದೆ.

ತೋಟದ ನೀರು ಹಳ್ಳಕ್ಕೆ ಸೇರುವ ಜಾಗಕ್ಕಿಂತ ಹರಿವಿನ ಮೇಲ್ಗಡೆ ಒಂದು, ಕೆಳಗಡೆ ಒಂದು ಮಾದರಿ ಒಂದೇ ದಿನ ತೆಗೆಯಲೇಬೇಕು. ಮೇಲಿನದು ಇಲ್ಲದಿದ್ದರೆ ಕೆಳಗಿನ ಅಂಕಿಯಿಂದ ಯಾರನ್ನೂ ಒಪ್ಪಿಸಲಾಗದು. ಗಂಟೆ, ಉಷ್ಣತೆ ಬರೆಯದ ಅಂಕಿಯದೂ ಅದೇ ಪಾಡು.

ಪ್ರಶ್ನೆ: ಕಿಟ್ ಇಲ್ಲದವರು ಏನು ನೋಡಬಹುದು?

ಉತ್ತರ: ನೀರು ಜುಳುಜುಳು ಹರಿಯುವ ಕಡೆ ಅಂಗೈ ಅಗಲದ ಹತ್ತು ಕಲ್ಲು ಎತ್ತಿ, ಅಡಿಭಾಗವನ್ನು ಬಿಳಿ ತಟ್ಟೆಯ ನೀರಿನಲ್ಲಿ ತೊಳೆಯಿರಿ. ಎರಡು ಬಾಲದ ಸ್ಟೋನ್‌ಫ್ಲೈ ಎಂಬ ಕೀಟದ ಮರಿ, ಹೊಟ್ಟೆಯ ಅಂಚಿನಲ್ಲಿ ಕಿವಿರು ಅಲ್ಲಾಡಿಸುವ ಮೇಫ್ಲೈ ಎಂಬ ಕೀಟದ ಮರಿ ಸಿಕ್ಕರೆ ನೀರಿಗೆ ಆಮ್ಲಜನಕದ ಕೊರತೆಯಿಲ್ಲ. ಬರೀ ಕೆಂಪು ಹುಳು ತುಂಬಿದ್ದರೆ ಎಚ್ಚರ: ಅವುಗಳ ಮೈಯಲ್ಲಿ ಆಮ್ಲಜನಕ ಹಿಡಿದಿಡುವ ಹಿಮೋಗ್ಲೋಬಿನ್ ಇರುವುದರಿಂದ ಬೇರೆಯವು ಬದುಕದ ನೀರಲ್ಲೂ ಬದುಕುತ್ತವೆ. ಎಣಿಸಿ ಬರೆದುಕೊಂಡ ಮೇಲೆ ಮರಿಗಳನ್ನು ನೀರಿಗೆ ಬಿಟ್ಟು, ಕಲ್ಲನ್ನು ಇದ್ದ ಮಗ್ಗುಲಿಗೇ ಮಲಗಿಸಿ.