ತರಬೇತಿ ಇಲ್ಲದೆ ಹೋಗಬೇಡಿ

ತರಬೇತಿ ಕೊಡದೆ ನೆರೆ ಪರಿಹಾರಕ್ಕೆ ಕಳಿಸಿದರೆ ಸ್ವಯಂಸೇವಕರು ಒಲ್ಲೆ ಎನ್ನಬಹುದಾ ಎಂದು ಕೇಳಿದ್ದೀರಿ. ಖಂಡಿತ ಎನ್ನಬಹುದು. ಸಂಬಳ ಇಲ್ಲ ಅಂದಮಾತ್ರಕ್ಕೆ ಜೀವ ಅಗ್ಗ ಅಲ್ಲ, ಅಲ್ವಾ? ಹೊರಡುವ ಮುಂಚೆ ಕೇಳಿ: ಲೈಫ್ ಜಾಕೆಟ್, ಗಂಬೂಟು ಕೊಡ್ತೀರಾ? ಗಾಯವಾದರೆ ವಿಮೆ ಇದೆಯಾ? ಓಡಾಟದ ಖರ್ಚು ಯಾರದು? ಉತ್ತರವನ್ನು ಬರವಣಿಗೆಯಲ್ಲೇ ಪಡೆಯಿರಿ. ಬಾಯಿಮಾತು ಆಮೇಲೆ ಯಾರಿಗೂ ನೆನಪಿರಲ್ಲ.

ನಿಮ್ಮ ಕಡೆಯಿಂದ, ಒಪ್ಪಿಕೊಂಡ ಪಾಳಿಗೆ ಬರಲಾಗದಿದ್ದರೆ ಮೊದಲೇ ತಿಳಿಸಿ. ಪರಿಹಾರದ ಸಾಮಾನು ಹಂಚುವಾಗ ಧರ್ಮ, ಪಕ್ಷ ನೋಡಬೇಡಿ. ರೆಡ್ ಕ್ರಾಸ್ 1965ರಲ್ಲಿ ಘೋಷಿಸಿದ ಏಳು ಮೂಲತತ್ವಗಳಲ್ಲಿ ನಿಷ್ಪಕ್ಷಪಾತವೂ ಒಂದು. ಕಂಬಳಿಗೆ ಕೈಚಾಚಿದವರ ಫೋಟೋವನ್ನು ಅವರನ್ನು ಕೇಳದೆ ತೆಗೆಯಲೇಬೇಡಿ. ಜಾಸ್ತಿ ಜನ ಮರೆಯೋದು ಇದನ್ನೇ.

ತರಬೇತಿ ಸಿಗುವವರೆಗೆ ಹೆಸರು ಬರೆಯುವ, ಸಾಮಾನು ಎಣಿಸುವ ಕೆಲಸ ಕೇಳಿ. ಅಲ್ಲೂ ಜನ ಸಾಲುವುದಿಲ್ಲ.