ಅಜೇಲಿಯಾ ಹಳದಿಯಾದರೆ ಗೊಬ್ಬರದ ಚೀಲ ಬಿಚ್ಚಬೇಡಿ, ನೀರು ನೋಡಿ

ಅಕ್ಕ, ನಮ್ಮ ಈ ಗುಂಪಿನಲ್ಲಿ ಚಿತ್ರ ಹಾಕಿ, ಊಟಿಯಿಂದ ಮಂಡ್ಯಕ್ಕೆ ತಂದ ಅಜೇಲಿಯಾ ಹೂಗಿಡದ ಚಿಗುರು ಹಳದಿಯಾಗಿದೆ, ನರ ಮಾತ್ರ ಹಸಿರಾಗಿದೆ, ಕೊಟ್ಟಿಗೆ ಗೊಬ್ಬರ, ಒಲೆ ಬೂದಿ, ಮೊಟ್ಟೆ ಚಿಪ್ಪಿನ ಪುಡಿ ಎಲ್ಲ ಹಾಕಿದೆ, ಇನ್ನೇನು ಹಾಕಲಿ ಎಂದು ಕೇಳಿದ್ದೀರಿ. ಇನ್ನೇನೂ ಹಾಕಬೇಡಿ. ಹಾಕಿದ್ದನ್ನು ತೆಗೆಯಿರಿ. ಇಂಥದ್ದೇ ತಪ್ಪು ಮಾಡಿ ಎರಡು ಗಿಡ ಕೊಂದವನು ನಾನು, ಅದಕ್ಕೇ ಚಿತ್ರ ನೋಡಿ ಸುಮ್ಮನಿರಲು ಆಗಲಿಲ್ಲ.

ನಿಮ್ಮ ಪ್ರಶ್ನೆಗೆ ಒಬ್ಬರು ಎಪ್ಸಮ್ ಉಪ್ಪು, ಅಂದರೆ ಮೆಗ್ನೀಷಿಯಂ ಸಲ್ಫೇಟ್ ಹಾಕಿ ಎಂದಿದ್ದಾರೆ. ದಯವಿಟ್ಟು ಎಲೆ ನೋಡಿ ಮಾತನಾಡಿ ಸ್ವಾಮಿ. ಮೆಗ್ನೀಷಿಯಂ ಕೊರತೆ ಹಳೆಯ ಎಲೆಯಲ್ಲಿ ಮೊದಲು ಕಾಣುತ್ತದೆ. ಹೊಸ ಚಿಗುರೇ ಹೀಗಾದರೆ ಅದು ಕಬ್ಬಿಣದ ಕೊರತೆ. ಹಾಗೆಂದು ಮಣ್ಣಿನಲ್ಲಿ ಕಬ್ಬಿಣಕ್ಕೆ ಬರವಿಲ್ಲ, ನಮ್ಮ ಕೆಮ್ಮಣ್ಣು ಕೆಂಪಾಗಿರುವುದೇ ಅದರಿಂದ. ಮಣ್ಣಿನ ಹುಳಿ ಅಳೆಯುವ ಪಿಎಚ್ ಏರಿದಾಗ, ಅಂದರೆ ಹುಳಿ ಇಳಿದಾಗ, ಅದು ಬೇರಿಗೆ ದಕ್ಕುವುದಿಲ್ಲ, ಅಷ್ಟೆ. ಅಜೇಲಿಯಾ ರೋಡೊಡೆಂಡ್ರಾನ್ ಕುಲದ್ದು, ಪಿಎಚ್ 4.5ರಿಂದ 6ರೊಳಗಿನ ಹುಳಿಮಣ್ಣು ಬೇಕು. ಬೂದಿ, ಚಿಪ್ಪು ಎರಡೂ ಸುಣ್ಣದ ನೆಂಟರು, ಪಿಎಚ್ ಏರಿಸುತ್ತವೆ.

ನನ್ನ ಮೊದಲ ಗಿಡವನ್ನು ಹೊಸ ಸಿಮೆಂಟ್ ಕುಂಡದಲ್ಲಿ ಕೂರಿಸಿದ್ದೆ. ಹುಳ ಹತ್ತುವುದಿಲ್ಲ ಎಂದು ಅಮ್ಮ ಬದನೆಗೆ ಎರಚಿದ ಬೂದಿಯಲ್ಲಿ ಅದಕ್ಕೂ ಒಂದು ಹಿಡಿ ಕೊಡುತ್ತಿದ್ದರು. ಹಳದಿಯಾಯಿತು, ಹಸಿವೆಂದುಕೊಂಡು ನಾನು ಎರಡು ಬೊಗಸೆ ಗೊಬ್ಬರ ಸೇರಿಸಿದೆ. ಎಲೆಯಂಚು ಸುಟ್ಟು ಹೋಯಿತು. ಎರಡನೆಯದಕ್ಕೆ ಬೂದಿ ನಿಲ್ಲಿಸಿ ಮಣ್ಣಿನ ಕುಂಡ ತಂದೆ. ಏಳು ತಿಂಗಳಿಗೆ ಮತ್ತದೇ ಹಳದಿ. ಕುಂಡದ ಅಂಚಿನಲ್ಲಿ ಬಿಳಿ ಪೊರೆ ಕಟ್ಟುತ್ತಿತ್ತು, ಪಾಚಿಯಂತೆ ಉಜ್ಜಿ ತೊಳೆದು ಮರೆಯುತ್ತಿದ್ದೆ. ಒಂದು ದಿನ ಚಿತ್ರಾನ್ನಕ್ಕೆ ಹಿಂಡಿದ ನಿಂಬೆಹೋಳು ಕೈಯಲ್ಲಿತ್ತು, ಅದರಿಂದಲೇ ಉಜ್ಜಿದೆ. ಬುರುಬುರು ನೊರೆ ಬಂತು. ಸುಣ್ಣ! ಬಡಾವಣೆಯ ಬೋರ್‌ವೆಲ್ ನೀರು ದಿನವೂ ಚೂರುಚೂರೇ ಉಣಿಸಿತ್ತು. ನಿಮ್ಮ ಕುಂಡದ ಅಂಚಿನಲ್ಲೂ ಅದೇ ಬಿಳಿ ಗೆರೆ ಇದೆ, ಚಿತ್ರವನ್ನು ದೊಡ್ಡದು ಮಾಡಿ ನೋಡಿ.

ಅಂದಿನಿಂದ ನನಗೆ ಮಳೆನೀರಿನ ಹುಚ್ಚು. ಮನೆಯವರು ನಗುತ್ತಾರೆ, ನಗಲಿ. ಸಾವಿರ ಚದರ ಅಡಿ ತಾರಸಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 93 ಲೀಟರ್ ನೀರು. 200 ಲೀಟರಿನ ಡ್ರಮ್ ತುಂಬಲು ದೊಡ್ಡ ಮಳೆಯೇನೂ ಬೇಡ. ಮೊದಲ ಮಳೆಯನ್ನು ಹರಿದುಹೋಗಲು ಬಿಡಿ, ಪಾರಿವಾಳದ ಹಿಕ್ಕೆಯೆಲ್ಲ ಅದರಲ್ಲಿರುತ್ತದೆ. ಆಮೇಲೆ ಹಿಡಿದು ಬಟ್ಟೆ ಕಟ್ಟಿ, ಇಲ್ಲದಿದ್ದರೆ ಸೊಳ್ಳೆ ಸಾಕಿದಂತೆ. ನನ್ನ ಮೂರು ಡ್ರಮ್ ನಾಲ್ಕು ಗಿಡಗಳನ್ನು ಬೇಸಿಗೆ ದಾಟಿಸುತ್ತವೆ. ಸಾಲದಿದ್ದರೆ ಎಸಿಯಿಂದ ತೊಟ್ಟಿಕ್ಕುವ ನೀರು ಕೊಡಿ. ಆರ್‌ಓ ಯಂತ್ರ ಹೊರಹಾಕುವ ನೀರನ್ನು ಮಾತ್ರ ಕೊಡಬೇಡಿ, ಬೋರಿನ ಸುಣ್ಣವೆಲ್ಲ ಅದರಲ್ಲೇ ಗಟ್ಟಿಯಾಗಿರುತ್ತದೆ. ನೀರು ಉಳಿಸುತ್ತೇನೆಂದು ಅದನ್ನು ಗಿಡಕ್ಕೆ ಹಾಕುವವರು ಈ ಗುಂಪಿನಲ್ಲೇ ಹತ್ತು ಜನ ಇದ್ದೀರಿ.

ಈಗ ನಿಮ್ಮ ಗಿಡ. ಹೆಂಟೆ ಸಮೇತ ಎತ್ತಿ, ಹೊರಗಿನ ಮಣ್ಣನ್ನಷ್ಟೇ ಬೆರಳಲ್ಲಿ ಉದುರಿಸಿ. ಬೇರು ಕೂದಲಿನಂತಿರುತ್ತದೆ, ಜಗ್ಗಬೇಡಿ. ನನ್ನ ಮಿಶ್ರಣ ಎರಡು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಕೊಳೆತ ಎಲೆಗೊಬ್ಬರ, ಒಂದು ಪಾಲು ತೆಂಗಿನ ಸಿಪ್ಪೆಯ ಚೂರು. ಕೋಕೋಪೀಟನ್ನು ಮೂರು ನೀರಿನಲ್ಲಿ ನೆನೆಸಿ ಹಿಂಡಿ, ಉಪ್ಪಿರುತ್ತದೆ. ಹೆಂಟೆಯ ತಲೆ ಹೊಸ ಮಣ್ಣಿಗಿಂತ ಒಂದು ಬೆರಳು ಮೇಲಿರಲಿ, ಹೂತರೆ ಕೊಳೆಯುತ್ತದೆ. ಮೇಲೆ ಸರ್ವೆ ಎಲೆಯ ಹೊದಿಕೆ.

ಕಬ್ಬಿಣ ಕೊಡುವುದಾದರೆ ಪೊಟ್ಟಣದ ಹಿಂದೆ ಇಡಿಡಿಎಚ್‌ಎ ಎಂದಿರಬೇಕು, ಕಬ್ಬಿಣವನ್ನು ಬೇರಿಗೆ ದಕ್ಕುವಂತೆ ಹಿಡಿದಿಡುವ ವಸ್ತು ಅದು. ಅಂಗಡಿಯವರು ಕೊಡುವ ಅಗ್ಗದ ಇಡಿಟಿಎ ಪಿಎಚ್ 6.5 ದಾಟಿದ ಮಣ್ಣಿನಲ್ಲಿ ಕೈಕೊಡುತ್ತದೆ. ಇಡಿಡಿಎಚ್‌ಎ ಇರುವ ಸೀಕ್ವೆಸ್ಟ್ರೀನ್ 138 ಸಿಕ್ಕರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ. ಬೆಲೆ ಕೇಳಿ ಬೈದುಕೊಳ್ಳುತ್ತೀರಿ, ಆದರೂ ತೆಗೆದುಕೊಳ್ಳಿ. ನೀರನ್ನು ಬದಲಿಸದೆ ಇದನ್ನು ಸುರಿದರೆ ಮೂರು ತಿಂಗಳಿಗೆ ಮತ್ತೆ ಹಳದಿಯೇ. ಈಗಾಗಲೇ ಹಳದಿಯಾದ ಎಲೆ ಪೂರ್ತಿ ಹಸಿರಾಗದಿರಬಹುದು, ಮುಂದಿನ ಚಿಗುರು ನೋಡಿ. ಗಿಡ ಚೇತರಿಸಿಕೊಂಡ ಮೇಲೆ ಮಾತ್ರ ಅಮೋನಿಯಂ ಸಲ್ಫೇಟ್, ಲೀಟರಿಗೆ ಅರ್ಧ ಟೀ ಚಮಚ, ತಿಂಗಳಿಗೊಮ್ಮೆ, ಒದ್ದೆ ಮಣ್ಣಿಗೆ. ಕ್ಯಾಲ್ಸಿಯಂ ನೈಟ್ರೇಟ್ ಹತ್ತಿರವೂ ಬೇಡ. ಬೇರು ಕಪ್ಪಾಗಿ ಕೊಳೆತಿದ್ದರೆ ಸಾಫ್ ಎಂಬ ಶಿಲೀಂಧ್ರನಾಶಕ ಹಾಕಿ ಕೂರಬೇಡಿ, ಅದರಲ್ಲಿರುವ ಕಾರ್ಬೆಂಡಾಜಿಮ್ ಬೇರು ಕೊಳೆಸುವ ಫೈಟಾಫ್ತೊರಾ ರೋಗಾಣುವಿಗೆ ನಾಟುವುದಿಲ್ಲ. ನಾನು ರಿಡೋಮಿಲ್ ಗೋಲ್ಡ್ ಎಂಬ ಔಷಧಿ ಬಳಸುತ್ತೇನೆ, ಅದೂ ಕುಂಡದ ನೀರು ಬಸಿಯುವ ತೂತು ಸರಿ ಮಾಡಿದ ಮೇಲೆ.

ಬಿಸಿಲು ಬೆಳಗ್ಗೆ ಹತ್ತರವರೆಗೆ ಸಾಕು. ಕತ್ತರಿಸುವುದಿದ್ದರೆ ಹೂ ಮುಗಿದ ಕೂಡಲೇ ಕತ್ತರಿಸಿ. ತಡಮಾಡಿದರೆ ಮುಂದಿನ ವರ್ಷದ ಮೊಗ್ಗನ್ನೇ ಕತ್ತರಿಸಿರುತ್ತೀರಿ. ಕತ್ತರಿಸಿದ ಸೊಪ್ಪನ್ನು ಮೇಕೆ, ಹಸುವಿನ ಮುಂದೆ ಹಾಕಬೇಡಿ. ಎಲೆ, ಹೂ ಎರಡರಲ್ಲೂ ವಿಷವಿದೆ, ಹಟ್ಟಿ ಇರುವ ಮನೆಯವರು ಇದನ್ನು ಮರೆಯಬಾರದು.

ಇನ್ನೊಬ್ಬರು ಊಟಿಯ ಹತ್ತಿರದ ದೊಡ್ಡಬೆಟ್ಟದ ಕೆಂಪು ಹೂವಿನ ರೋಡೊಡೆಂಡ್ರಾನ್ ಮರವನ್ನೇ ಇಲ್ಲಿ ಬೆಳೆಸಬಹುದೇ ಎಂದಿದ್ದಾರೆ. ಅದು 2,637 ಮೀಟರ್ ಎತ್ತರದ ಬೆಟ್ಟ, ನಮ್ಮ ಮೈಸೂರು 770ರ ಆಸುಪಾಸು. ಏಪ್ರಿಲ್‌ನ ನಮ್ಮ ರಾತ್ರಿಯ ಸೆಖೆಯನ್ನು ಅದು ತಾಳಲಾರದು. ಕುಂಡದ ಅಜೇಲಿಯಾದಲ್ಲಿ ಆಸೆ ತೀರಿಸಿಕೊಳ್ಳಿ.

ಮತ್ತೆ ಅಕ್ಕ, ನಿಮ್ಮ ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಂತಿದೆ. ಅದನ್ನು ಇವತ್ತೇ ಚೆಲ್ಲಿ.