ಓದುಗರ ಪ್ರಶ್ನೆ: ಹಿಮನದಿಯ ನೀರಲ್ಲಿ ಗೊಬ್ಬರ ಎಲ್ಲಿಂದ ಬಂತು?

ಪ್ರಶ್ನೆ: ಮೇಷ್ಟ್ರೇ, ನಾನು ಕಬ್ಬು, ಭತ್ತ ಬೆಳೆಯುವವನು. ಧ್ರುವ ಪ್ರದೇಶದಲ್ಲಿ ಹಿಮನದಿ ಕರಗಿದ ನೀರು ಅಲ್ಲಿನ ಕಡಲಿಗೆ ಗೊಬ್ಬರವಾಗುತ್ತದೆ ಎಂದು ಮಗಳ ಪುಸ್ತಕದಲ್ಲಿ ಓದಿದೆ. ಐಸ್ ಕರಗಿದರೆ ಬರುವುದು ಬರೀ ನೀರು ತಾನೇ? ಗೊಬ್ಬರ ಎಲ್ಲಿಂದ ಬಂತು? ಹಾಗಿದ್ದರೆ ಅದು ಕರಗುವುದು ಒಳ್ಳೆಯದೇ ಅಲ್ವಾ?
(ರೈತರೊಬ್ಬರು, ಪಾಂಡವಪುರ ತಾಲ್ಲೂಕು)

ಉತ್ತರ: ನಿಮ್ಮ ಅನುಮಾನ ಸರಿಯಾಗಿದೆ. ಬಿದ್ದ ಹಿಮ ವರ್ಷಗಟ್ಟಲೆ ಒತ್ತಿ ಒತ್ತಿ ಗಟ್ಟಿಯಾಗಿ ಆದದ್ದು ಹಿಮನದಿ. ಅದರ ನೀರಿನಲ್ಲಿ ನೈಟ್ರೇಟ್, ಅಂದರೆ ಬೆಳೆಗೆ ಬೇಕಾದ ಸಾರಜನಕದ ಗೊಬ್ಬರ, ಬಹಳ ಕಡಿಮೆ. ನೀವು ಗದ್ದೆಗೆ ಹಾಕುವ ಯೂರಿಯಾ ಲೆಕ್ಕದಲ್ಲಿ ನೋಡಿದರೆ ಅದು ಸಪ್ಪೆ ನೀರು.

ಆದರೆ ಹಿಮನದಿ ನಿಂತಲ್ಲೇ ನಿಂತಿರುವುದಿಲ್ಲ. ತನ್ನ ಭಾರಕ್ಕೆ ತಾನೇ ನಿಧಾನವಾಗಿ ಜಾರುತ್ತಾ ತಳದ ಬಂಡೆಯನ್ನು ನುಣ್ಣಗೆ ಅರೆಯುತ್ತದೆ. ಬೇಸಿಗೆಯಲ್ಲಿ ಮೇಲೆ ಕರಗಿದ ನೀರು ಬಿರುಕುಗಳಿಂದ, ಬಾವಿಯಷ್ಟು ಆಳದ ತೂತುಗಳಿಂದ ಕೆಳಗಿಳಿಯುತ್ತದೆ. ಆ ಬಂಡೆಹಿಟ್ಟನ್ನು ತೊಳೆದುಕೊಂಡು ಕಡಲಿಗೆ ಬರುತ್ತದೆ. ಹಾಗೆ ಬರುವುದರಲ್ಲಿ ಮುಖ್ಯವಾದವು ಎರಡು: ಕಬ್ಬಿಣ ಮತ್ತು ಮರಳು, ಗಾಜಿನಲ್ಲಿರುವ ಸಿಲಿಕಾ.

ಕಬ್ಬಿಣ ಯಾಕೆ ಅಂತೀರಾ? ನಿಮಗೆ ಇದನ್ನು ವಿವರಿಸುವುದು ಸುಲಭ. ಕೂಳೆ ಕಬ್ಬಿನಲ್ಲಿ ಎಳೆ ಗರಿ ಬಿಳಚಿಕೊಳ್ಳುವುದನ್ನು ನೋಡಿರುತ್ತೀರಿ. ಎಷ್ಟು ಯೂರಿಯಾ ಕೊಟ್ಟರೂ ಹಸಿರಾಗುವುದಿಲ್ಲ. ಕಬ್ಬಿಣದ ಉಪ್ಪಾದ ಅನ್ನಭೇದಿ ಕರಗಿಸಿ ಸಿಂಪಡಿಸಿದರೆ ಹಸಿರು ತಿರುಗುತ್ತದೆ. ಅಂಟಾರ್ಕ್ಟಿಕಾ ಸುತ್ತಲಿನ ದಕ್ಷಿಣ ಮಹಾಸಾಗರದ ಕಥೆಯೂ ಹೀಗೇ. ಅಲ್ಲಿ ನೈಟ್ರೇಟ್ ಬೇಕಾದಷ್ಟಿದೆ, ಕಬ್ಬಿಣ ಇಲ್ಲ. ದೂಳು ಹಾರಿ ಬರಲು ಹತ್ತಿರದಲ್ಲಿ ಒಣ ನೆಲವಿಲ್ಲ. ಇರುವ ಅಲ್ಪಸ್ವಲ್ಪವೂ ಉಪ್ಪುನೀರಿನಲ್ಲಿ ತುಕ್ಕಾಗಿ ತಳ ಸೇರುತ್ತದೆ. ಹಾಗಾಗಿ ಮೀನು, ತಿಮಿಂಗಿಲಗಳ ಊಟಕ್ಕೆಲ್ಲ ಬುಡವಾದ, ಕಣ್ಣಿಗೆ ಕಾಣದ ತೇಲುವ ಪಾಚಿ ಅಲ್ಲಿ ಸೊರಗುತ್ತದೆ.

ಇದನ್ನು ಗಟ್ಟಿಯಾಗಿ ಹೇಳಿದವರು ಅಮೆರಿಕದ ಸಾಗರ ವಿಜ್ಞಾನಿ ಜಾನ್ ಮಾರ್ಟಿನ್. "ಅರ್ಧ ಟ್ಯಾಂಕರ್ ಕಬ್ಬಿಣ ಕೊಡಿ, ನಿಮಗೊಂದು ಹಿಮಯುಗ ಕೊಡುತ್ತೇನೆ" ಎಂದು 1988ರಲ್ಲಿ ಸಭೆಯಲ್ಲೇ ಚಟಾಕಿ ಹಾರಿಸಿದ್ದರು. ಪಾಚಿ ಬೆಳೆದು ಗಾಳಿಯ ಇಂಗಾಲವನ್ನು ಹೀರಿ ಮುಳುಗಿದರೆ ಭೂಮಿ ತಂಪಾಗುತ್ತದೆ ಅನ್ನುವುದು ಅವರ ಲೆಕ್ಕ. 2009ರಲ್ಲಿ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ಜರ್ಮನಿಯವರ ಜೊತೆ 'ಪೋಲಾರ್‌ಸ್ಟರ್ನ್' ಹಡಗಿನಲ್ಲಿ ಹೋಗಿ ಇದನ್ನು ಪರೀಕ್ಷೆ ಮಾಡಿದರು. ಸುಮಾರು 300 ಚದರ ಕಿಲೋಮೀಟರ್ ಕಡಲಿಗೆ ಕಬ್ಬಿಣ ಹಾಕಿದರು. ಯಾವ ರೂಪದಲ್ಲಿ ಗೊತ್ತಾ? ಫೆರಸ್ ಸಲ್ಫೇಟ್. ನಿಮ್ಮ ಅದೇ ಅನ್ನಭೇದಿ! ಆ ಪ್ರಯೋಗಕ್ಕೆ 'ಲೋಹಾಫೆಕ್ಸ್' ಎಂದು ಹೆಸರು. 'ಲೋಹಾ' ಎಂದರೆ ಹಿಂದಿಯಲ್ಲಿ ಕಬ್ಬಿಣ, ನಮ್ಮ ಕಡೆಯದೇ ಪದ.

ಪಾಚಿ ಬೆಳೆಯಿತು. ಆದರೆ ಪುಟ್ಟ ಸಿಗಡಿ ಜಾತಿಯ ಜೀವಿಗಳು ಅದನ್ನು ಮೇಯ್ದುಬಿಟ್ಟವು. ಗಾಜಿನಂಥ ಚಿಪ್ಪಿರುವ ಡಯಾಟಮ್ ಎಂಬ ಪಾಚಿ ಬೆಳೆದಿದ್ದರೆ ಅಷ್ಟು ಸುಲಭವಾಗಿ ಮೇಯಲು ಆಗುತ್ತಿರಲಿಲ್ಲ. ಅದು ಬೆಳೆಯಲಿಲ್ಲ, ಯಾಕೆಂದರೆ ಚಿಪ್ಪು ಕಟ್ಟಲು ಬೇಕಾದ ಸಿಲಿಕಾ ಆ ನೀರಿನಲ್ಲಿ ತೀರಿಹೋಗಿತ್ತು. ಹಿಮನದಿ ಅರೆದ ಹಿಟ್ಟಿನಲ್ಲಿ ಕಬ್ಬಿಣ, ಸಿಲಿಕಾ ಎರಡೂ ಇವೆ ನೋಡಿ. ಹಡಗಿನಿಂದ ಸುರಿಯುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ನನಗೆ ಬಹಳ ಹಿಡಿಸಿದ್ದು ಇಲ್ಲೇ. ಹಿಮನದಿಯ ಕಬ್ಬಿಣವೆಲ್ಲ ದೂರ ಹೋಗುತ್ತದೆ ಎಂದಲ್ಲ. ಉಪ್ಪುನೀರು ತಾಗಿದ ಕೂಡಲೇ ಬಹುಪಾಲು ಗಂಟುಕಟ್ಟಿ ದಡದ ಹತ್ತಿರವೇ ತಳ ಸೇರುತ್ತದೆ. ತೇಲುತ್ತಾ ಹೋಗುವ ದೊಡ್ಡ ಹಿಮಬಂಡೆಗಳು ಮಾತ್ರ ತಮ್ಮೊಳಗಿನ ಮಣ್ಣನ್ನು ನೂರಾರು ಕಿಲೋಮೀಟರ್ ಹೊತ್ತೊಯ್ಯುತ್ತವೆ. ಅವು ಹೋದ ಹಾದಿಯಲ್ಲಿ ನೀರು ಹಸಿರಾಗುವುದು ಉಪಗ್ರಹದ ಚಿತ್ರಗಳಲ್ಲಿ ಕಾಣುತ್ತದೆ.

ಇನ್ನು ಗ್ರೀನ್‌ಲ್ಯಾಂಡ್ ಕಡೆ ಬನ್ನಿ. ಅಲ್ಲಿನ ಲೆಕ್ಕ ಪೂರ್ತಿ ತಿರುಗಾಮುರುಗಾ. ಅಲ್ಲಿನ ಕರಾವಳಿಯಲ್ಲಿ ಬೇಸಿಗೆಯ ಹೊತ್ತಿಗೆ ಮುಗಿದುಹೋಗುವುದು ನೈಟ್ರೇಟ್. ವಸಂತದಲ್ಲಿ ಬೆಳೆದ ಪಾಚಿ ಮೇಲಿನ ನೀರಿನದನ್ನೆಲ್ಲ ತಿಂದು ಮುಗಿಸಿರುತ್ತದೆ. ಆಳದಲ್ಲಿ ಬೇಕಾದಷ್ಟಿದೆ, ಆದರೆ ಅಲ್ಲಿ ಬಿಸಿಲಿಲ್ಲ. ಈಗ ಹಿಮನದಿಯ ಬುಡ ನೇರವಾಗಿ ಕಡಲೊಳಗೇ ಇದೆ ಅಂದುಕೊಳ್ಳಿ. ಕರಗಿದ ನೀರು ಮೇಲ್ಮೈಯಿಂದ ನೂರಾರು ಮೀಟರ್ ಕೆಳಗೆ, ಐಸಿನ ಬುಡದಲ್ಲಿ ಹೊರಬೀಳುತ್ತದೆ. ಸಿಹಿನೀರು ಉಪ್ಪುನೀರಿಗಿಂತ ಹಗುರ. ಹಾಗಾಗಿ ಐಸಿನ ಗೋಡೆಗುಂಟ ಭರ್ರನೆ ಮೇಲೇಳುತ್ತದೆ. ಏಳುವಾಗ ತನಗಿಂತ ಎಷ್ಟೋ ಪಟ್ಟು ಜಾಸ್ತಿ ಆಳದ ನೀರನ್ನೂ ಎಳೆದುಕೊಂಡು ಬರುತ್ತದೆ. ನೈಟ್ರೇಟ್ ಇರುವುದು ಆ ನೀರಿನಲ್ಲಿ. ಅಂದರೆ ಕರಗಿದ ನೀರಿನದು ಇಲ್ಲಿ ಪಂಪಿನ ಕೆಲಸ. ಗೊಬ್ಬರ ಕಡಲಿನದೇ. ಎದ್ದ ಜಾಗದಲ್ಲಿ ನೀರು ಬಗ್ಗಡವಾಗಿರುವುದರಿಂದ ಬಿಸಿಲು ಇಳಿಯದು. ಸ್ವಲ್ಪ ದೂರ ಹರಿದು ತಿಳಿಯಾದ ಮೇಲೆ ಪಾಚಿ ಹಬ್ಬುತ್ತದೆ. ನೂಕ್ ಪಟ್ಟಣದ ಹತ್ತಿರ ಗುಡ್ಡಗಳ ನಡುವೆ ಒಳಕ್ಕೆ ಚಾಚಿದ ಕಡಲಿನಲ್ಲಿ ಇದನ್ನು ಚೆನ್ನಾಗಿ ಅಳೆದು ನೋಡಿದ್ದಾರೆ. ಇಂಥ ಕಡೆಗಳಲ್ಲಿ ಹ್ಯಾಲಿಬಟ್ ಮೀನೂ ಜಾಸ್ತಿ ಸಿಗುತ್ತದೆ.

ಕರಗುವುದು ಒಳ್ಳೆಯದೇ ಎಂಬ ನಿಮ್ಮ ಕೊನೆಯ ಮಾತಿಗೆ ಉತ್ತರವೂ ಇಲ್ಲೇ ಇದೆ. ಕರಗುತ್ತಾ ಕರಗುತ್ತಾ ಹಿಮನದಿ ಹಿಂದೆ ಸರಿದು ನೆಲದ ಮೇಲೆ ಹತ್ತಿ ಕೂತರೆ ಪಂಪು ನಿಂತಂತೆ. ಆಮೇಲೆ ಎಷ್ಟೇ ನೀರು ಬರಲಿ, ಅದು ಹಳ್ಳವಾಗಿ ಹರಿದು ಕಡಲಿನ ಮೇಲೆ ಹಗುರವಾಗಿ ಹರಡಿಕೊಳ್ಳುತ್ತದೆ. ಆಳದ ನೈಟ್ರೇಟ್ ಮೇಲೆ ಬರಲು ಅದೇ ತಡೆ. ಜೊತೆಗೆ ಬಗ್ಗಡ ಬೇರೆ. ಗ್ರೀನ್‌ಲ್ಯಾಂಡಿನಲ್ಲೇ ಇಂಥ ಜಾಗಗಳಿವೆ, ಅಲ್ಲಿ ಬೇಸಿಗೆಯ ಪಾಚಿ ಬಡಕಲು. ಹಾಗಾಗಿ 'ಕರಗಿದರೆ ಲಾಭ' ಎಂದು ಯಾರಾದರೂ ಹೇಳಿದರೆ, ನೀರು ಎಷ್ಟು ಆಳದಲ್ಲಿ ಬೀಳುತ್ತಿದೆ ಸ್ವಾಮಿ ಎಂದು ಕೇಳಿ.

ಪ್ರಶ್ನೆ: ಸರ್, ಸಮುದ್ರದ ಮೇಲಿನ ಐಸ್ ಮತ್ತು ಹಿಮನದಿ ಒಂದೇನಾ? ಇಂಥದ್ದನ್ನು ಭಾರತದವರು ಅಲ್ಲಿಗೇ ಹೋಗಿ ನೋಡುತ್ತಾರಾ?
(ಬಿಎಸ್ಸಿ ವಿದ್ಯಾರ್ಥಿನಿ, ಮೈಸೂರು)

ಉತ್ತರ: ಒಂದೇ ಅಲ್ಲಮ್ಮ. ಕಡಲ ಐಸ್ ಎಂದರೆ ಸಮುದ್ರದ ನೀರೇ ಹೆಪ್ಪುಗಟ್ಟಿದ್ದು. ಹಿಮನದಿ ನೆಲದ ಮೇಲೆ ಹುಟ್ಟಿ ಕಡಲಿಗೆ ಬರುವುದು. ಬಂಡೆ ಅರೆಯುವುದು ಎರಡನೆಯದು ಮಾತ್ರ. ನಮ್ಮವರ 'ಹಿಮಾದ್ರಿ' ಸಂಶೋಧನಾ ಕೇಂದ್ರ 2008ರಿಂದ ಉತ್ತರ ಧ್ರುವದ ಕಡೆಯ, ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳಲ್ಲಿದೆ. ಅದರ ಎದುರಿನ ಕಡಲಿನಲ್ಲಿ 2014ರಲ್ಲಿ ಉಪಕರಣಗಳನ್ನೂ ಇಳಿಬಿಟ್ಟರು. ಅಲ್ಲಿ ಹಿಮನದಿಯ ಬುಡದಿಂದ ಕಂದು ನೀರು ಏಳುವ ಕಡೆ ಕಡಲಹಕ್ಕಿಗಳು ಮುತ್ತಿಕೊಳ್ಳುತ್ತವೆ. ಆಳದ ಸಣ್ಣ ಜೀವಿಗಳು ನೀರಿನ ಜೊತೆ ಮೇಲೆ ಬರುತ್ತವಲ್ಲ, ಅದಕ್ಕೆ. ಎಂಎಸ್ಸಿ ಮುಗಿದ ಮೇಲೆ ಗೋವಾದ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರದ ಕಡೆ ಒಮ್ಮೆ ನೋಡು.

ಪ್ರಶ್ನೆ: ನಮ್ಮ ಕಾವೇರಿಯ ನೆರೆ ನೀರೂ ಬಂಗಾಳ ಕೊಲ್ಲಿಗೆ ಹೀಗೇ ಗೊಬ್ಬರ ಒಯ್ಯುತ್ತದೆಯೇ?
(ಓದುಗರು, ಶ್ರೀರಂಗಪಟ್ಟಣ)

ಉತ್ತರ: ಒಯ್ಯುತ್ತದೆ, ಆದರೆ ಹೂಳಿನ ದೊಡ್ಡ ಪಾಲು ಕೆಆರ್‌ಎಸ್, ಮೆಟ್ಟೂರಿನಂಥ ಅಣೆಕಟ್ಟುಗಳಲ್ಲೇ ಕೂತುಬಿಡುತ್ತದೆ. ಇನ್ನೊಂದು ತೊಡಕೂ ಇದೆ. ಗಂಗೆ, ಬ್ರಹ್ಮಪುತ್ರ, ಐರಾವತಿ, ಗೋದಾವರಿ ಎಲ್ಲವೂ ಸೇರಿ ಆ ಕೊಲ್ಲಿಯ ಮೇಲೆ ಸಿಹಿನೀರಿನ ಹಗುರ ಪದರ ಹಾಸುತ್ತವೆ. ಆಳದ ಗೊಬ್ಬರ ಮೇಲೇಳಲು ಅದು ಬಿಡುವುದಿಲ್ಲ. ನೆಲಕ್ಕೆ ಹತ್ತಿದ ಹಿಮನದಿಯ ಮುಂದೆ ಆಗುವುದೂ ಇದೇ. ಅರಬ್ಬಿ ಸಮುದ್ರದಲ್ಲಿ ಹಾಗಿಲ್ಲ. ಮುಂಗಾರಿನ ಹೊತ್ತಿಗೆ ನಮ್ಮ ಪಶ್ಚಿಮ ಕರಾವಳಿಯಲ್ಲಿ ಮೇಲಿನ ನೀರು ದಡದಿಂದ ಆಚೆ ಸರಿದು, ಆಳದ ತಣ್ಣನೆ ನೀರು ಮೇಲೇಳುತ್ತದೆ. ಮಂಗಳೂರಿನಿಂದ ಮೈಸೂರಿನ ಮಾರ್ಕೆಟ್ಟಿಗೆ ಬರುವ ಬೂತಾಯಿ, ಬಂಗುಡೆ ಆ ನೀರಿನಲ್ಲಿ ಮೇಯ್ದವು.